ಮಳೆಗಾಲದಲ್ಲಿ ಅಂಟು ಬಿಡುವ ಕ್ಯೂ ಹಿಡಿ

"ಅಕ್ಕಾ, ಕೋಲಿನ ದಾರ ಮತ್ತೆ ಎದ್ದಿದೆ." ಜುಲೈ ಬಂತೆಂದರೆ ನಮ್ಮ ಹೋಂಸ್ಟೇಯಲ್ಲಿ ಕೆಲಸಕ್ಕಿರುವ ಹುಡುಗ ಈ ಮಾತು ಹೇಳದ ವರ್ಷವಿಲ್ಲ. ಕೊಡಗಿನ ಕಕ್ಕಬ್ಬೆಯಲ್ಲಿ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ತಡಿಯಂಡಮೋಳ್ ಬೆಟ್ಟ ಹತ್ತಲು ಬಂದವರು ಮಳೆ ಹಿಡಿದರೆ ಎಲ್ಲಿಗೆ ಹೋಗಬೇಕು? ಅದಕ್ಕೇ ಹಿಂದಿನ ಜಗಲಿಯಲ್ಲಿ ಒಂದು ಪೂಲ್ ಟೇಬಲ್ ಹಾಕಿಸಿದ್ದೇವೆ. ಒದ್ದೆ ಕೈ, ಪಕೋಡದ ಎಣ್ಣೆ ಕೈ, ಎಲ್ಲಾ ಚೆಂಡು ಹೊಡೆಯುವ ಆ ಕೋಲುಗಳ, ಅಂದರೆ ಕ್ಯೂಗಳ ಮೇಲೆಯೇ. ಇರುವ ಐದರಲ್ಲಿ ಎರಡಕ್ಕೆ ಲಿನನ್ ದಾರ ಸುತ್ತಿದ ಹಿಡಿ. ಉಳಿದವು ಬರೀ ಮರ, ಅವುಗಳ ತಕರಾರಿಲ್ಲ. ಕ್ಲಬ್ಬುಗಳಲ್ಲಿ ಸ್ನೂಕರ್ ಆಡಿದವರಿಗೆ ಈ ಸುತ್ತು ಹೊಸದೆನಿಸಬಹುದು. ಸ್ನೂಕರ್ ಕ್ಯೂಗೆ ಸಾಮಾನ್ಯವಾಗಿ ದಾರ ಇರುವುದಿಲ್ಲ.

ಮೊದಲು ರೋಗ ಯಾವುದೆಂದು ನೋಡಿ. ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ತಿರುಚಿ. ಸುತ್ತು ಇಡಿಯಾಗಿ ಬಳೆಯ ಹಾಗೆ ಜಾರಿದರೆ ಒಳಗಿನ ಅಂಟು ಪೂರ್ತಿ ಹೋಗಿದೆ, ಬಿಚ್ಚಿ ಸುತ್ತದೆ ಗತಿಯಿಲ್ಲ. ತುದಿಯಲ್ಲಿ ನಾಲ್ಕೈದು ಸುತ್ತು ಮಾತ್ರ ಸಡಿಲವಾಗಿದ್ದರೆ ಅರ್ಧ ಗಂಟೆಯ ಕೆಲಸ.

ಆ ಸಣ್ಣ ಕೆಲಸವನ್ನೇ ನಾನು ಮೊದಲ ಸಲ ಕೆಡಿಸಿದ್ದು. ಅತಿಥಿಗಳು ಕಾಯುತ್ತಿದ್ದರು, ಕೈಗೆ ಸಿಕ್ಕಿದ್ದು ಸೂಪರ್ ಗ್ಲೂ. ಎರಡು ಹನಿ ಬಿಟ್ಟೆ. ದಾರ ಅದನ್ನು ಬತ್ತಿ ಎಣ್ಣೆ ಹೀರಿದಂತೆ ಹೀರಿಕೊಂಡು ಒಂದು ಅಂಗುಲ ಜಾಗ ಕಪ್ಪಾಗಿ, ಗಾಜಿನ ಹಾಗೆ ಗಟ್ಟಿಯಾಯಿತು. ಆಡಿದವನ ಅಂಗೈಗೆ ಚುಚ್ಚುತ್ತಿತ್ತು. ಅದನ್ನು ಕರಗಿಸಲು ನೇಲ್ ಪಾಲಿಶ್ ರಿಮೂವರ್ ಹಾಕಿದೆ. ಅದರಲ್ಲಿರುವ ಅಸಿಟೋನ್ ಪಕ್ಕದ ಮರದ ಪಾಲಿಶ್ಶನ್ನೂ ತಿಂದುಹಾಕಿತು. ಹಾಗಾಗಿ ದಾರಕ್ಕೆ ಸೂಪರ್ ಗ್ಲೂ ಬೇಡವೇ ಬೇಡ. ಬಿಳಿ ಫೆವಿಕಾಲ್ ಸಾಕು. ತಪ್ಪಾದರೆ ನೀರಿಗೆ ಮೆತ್ತಗಾಗಿ ಬಿಡುತ್ತದೆ, ಅದೇ ಅದರ ದೊಡ್ಡ ಗುಣ. ನಮ್ಮ ಮಳೆಯಲ್ಲಿ ಅದೇ ದೋಷವೂ ಹೌದು.

ಈಗ ನಾನು ಮಾಡುವುದು ಹೀಗೆ. ದಾರದ ಪಕ್ಕದ ಪಾಲಿಶ್ ಮರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ. ಸಡಿಲ ಸುತ್ತುಗಳನ್ನು ಹೊಲಿಗೆ ಸೂಜಿಯಿಂದ ಎತ್ತುತ್ತೇನೆ, ಎಳೆಯುವುದಿಲ್ಲ. ಅಡಿಯಲ್ಲಿರುವ ಹಳೆಯ ಅಂಟಿನ ಪುಡಿಯನ್ನು ಟೂತ್‌ಪಿಕ್ಕಿನಿಂದ ಕೆರೆದು, ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಜಿಡ್ಡು ಒರೆಸುತ್ತೇನೆ. ಅಂಟು ಹಿಡಿಯದಿರುವುದಕ್ಕೆ ಮುಕ್ಕಾಲು ಪಾಲು ಕಾರಣ ಈ ಜಿಡ್ಡು. ಫೆವಿಕಾಲನ್ನು ಬೈದು ಪ್ರಯೋಜನವಿಲ್ಲ. ಆಮೇಲೆ ಎರಡು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ, ಮೆಡಿಕಲ್ ಅಂಗಡಿಯ 2 ಎಂಎಲ್ ಸಿರಿಂಜಿನಲ್ಲಿ ಒಂದೇ ಒಂದು ತೆಳು ಗೆರೆ ಎಳೆಯುತ್ತೇನೆ. ಸುತ್ತುಗಳನ್ನು ಇದ್ದ ದಿಕ್ಕಿನಲ್ಲೇ ಬಿಗಿಯಾಗಿ ಕೂರಿಸಿ, ಮೇಲೆ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ತಕ್ಷಣ ಒರೆಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯುತ್ತೇನೆ. ಎರಡು ಗಂಟೆಯ ನಂತರ ಪ್ಲಾಸ್ಟಿಕ್ ತೆಗೆಯಲೇಬೇಕು, ಇಲ್ಲದಿದ್ದರೆ ನೀರಿನಂಶ ಹೊರಗೆ ಹೋಗುವುದಾದರೂ ಎಲ್ಲಿಂದ?

ಒಣಗಿಸುವುದೇ ಇಲ್ಲಿ ದೊಡ್ಡ ತಲೆನೋವು. ಬಿಳಿ ಅಂಟು ಗಟ್ಟಿಯಾಗುವುದು ಒಳಗಿನ ನೀರು ಆರಿದಾಗ. ಕಕ್ಕಡ ಮಾಸದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಗಾಳಿಯೇ ಒದ್ದೆ. ಬಯಲುಸೀಮೆಯಲ್ಲಿ ಒಂದು ದಿನ ಸಾಕಾದರೆ ನಮಗೆ ಮೂರು ದಿನ ಬೇಕು. ಒಮ್ಮೆ ಅವಸರಕ್ಕೆ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಗೆ ಇಟ್ಟ ಹಂದಿಮಾಂಸದ ಪಕ್ಕ ಮಲಗಿಸಿದೆ. ಅಂಟೇನೋ ಒಣಗಿತು, ಕ್ಯೂ ಬಾಗಿತು. ಟೇಬಲ್ ಮೇಲೆ ಉರುಳಿಸಿದರೆ ಕುಂಟುತ್ತಾ ಹೋಗುತ್ತಿತ್ತು. ಜೊತೆಗೆ ವಾಸನೆ ಬೇರೆ. ಈಗ ಬಟ್ಟೆ ಬೀರುವಿನಲ್ಲಿ ಬೂಸ್ಟು ಬರದಿರಲೆಂದು ಉರಿಸುವ 40 ವ್ಯಾಟ್ ಬಲ್ಬಿದೆಯಲ್ಲ, ಅದೇ ಬೀರುವಿನಲ್ಲಿ ಬಲ್ಬಿನಿಂದ ದೂರದ ಮೂಲೆಗೆ ನೇರವಾಗಿ ನೇತುಹಾಕುತ್ತೇನೆ.

ದಾರದ ಮೇಲೆ ಅಂಟು ಒಣಗಿ ಹೊಳೆಯುವ ಕಲೆಯಾಗಿದ್ದರೆ, ಬೆಚ್ಚಗಿನ ನೀರಿನ ಬಟ್ಟೆಯನ್ನು ಹತ್ತು ನಿಮಿಷ ಇಟ್ಟು ಮೆತ್ತಗೆ ಬ್ರಷ್ ಮಾಡಿ. ಜಗ್ಗದಿದ್ದರೆ ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಸೇರಿಸಿ. ವಿನೆಗರ್ ಎಂದೊಡನೆ ನಮ್ಮ ಹುಡುಗ ಕೊಡಗಿನ ಅಡುಗೆಯ ಹುಳಿ ಕಾಚಂಪುಳಿಯ ಬಾಟಲಿ ತಂದಿದ್ದ. ಹುಳಿಯೇನೋ ಹುಳಿಯೇ, ಆದರೆ ಡಾಂಬರಿನಷ್ಟು ಕಪ್ಪು! ಹಂದಿಗೆ ಹಾಕಿ, ದಾರಕ್ಕೆ ಬೇಡ.

ಪೂರ್ತಿ ಸುತ್ತುವುದಾದರೆ ದಾರದ ಲೆಕ್ಕ ಮೊದಲೇ ಹಾಕಿಕೊಳ್ಳಿ. ನಮ್ಮ ಕ್ಯೂನ ಸುತ್ತು ಒಂದಡಿ ಉದ್ದ, ಅಂದರೆ ಸುಮಾರು 300 ಮಿಲಿಮೀಟರ್. ದಾರ ಮುಕ್ಕಾಲು ಮಿಲಿಮೀಟರ್ ದಪ್ಪ. ಹಾಗಾಗಿ 400 ಸುತ್ತು. ಒಂದು ಸುತ್ತಿಗೆ ಒಂಬತ್ತೂವರೆ ಸೆಂಟಿಮೀಟರ್ ಹಿಡಿದರೆ 38 ಮೀಟರ್. ನಾನು 45 ಮೀಟರ್ ತರಿಸುತ್ತೇನೆ. ಚರ್ಮ ಹೊಲಿಯುವ ಮೇಣದ ದಾರ ಬೇಡ, ಮೇಣಕ್ಕೆ ಈ ಅಂಟು ಹಿಡಿಯುವುದಿಲ್ಲ. ಮರದಲ್ಲಿ ದಾರ ಕೂರುವ ತಗ್ಗನ್ನು 220 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ. ಜಾಸ್ತಿ ಉಜ್ಜಿದರೆ ತಗ್ಗು ಆಳವಾಗಿ, ಬೆರಳು ಸವರಿದಾಗ ಮರಕ್ಕೂ ದಾರಕ್ಕೂ ನಡುವೆ ಮೆಟ್ಟಿಲು ಸಿಗುತ್ತದೆ.

ಲೇತ್ ನಮ್ಮಲ್ಲಿಲ್ಲ. ಹುಡುಗ ಕ್ಯೂ ತಿರುಗಿಸುತ್ತಾನೆ, ನಾನು ದಾರ ಬಿಗಿಹಿಡಿಯುತ್ತೇನೆ. ಆರಂಭದ ತುದಿಯನ್ನು ಉದ್ದಕ್ಕೆ ಮಲಗಿಸಿ ಅದರ ಮೇಲೆಯೇ ಸುತ್ತುತ್ತಾ ಹೋದರೆ ಅದು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಟು ಒಮ್ಮೆಗೆ ಮೂರು ಅಂಗುಲಕ್ಕೆ ಮಾತ್ರ ಬಳಿಯಿರಿ, ಮರದ ಬಣ್ಣ ಮಸುಕಾಗಿ ಕಾಣುವಷ್ಟು ತೆಳುವಾಗಿ. ಇನ್ನು ಹತ್ತು ಸುತ್ತು ಉಳಿದಾಗ ಗಾಳದ ನೈಲಾನ್ ದಾರವನ್ನು ಮಡಚಿ, ಕುಣಿಕೆ ಮುಂದಕ್ಕೆ ಬರುವಂತೆ ಕೋಲಿನ ಉದ್ದಕ್ಕೆ ಇಟ್ಟು ಅದರ ಮೇಲೆ ಸುತ್ತಿ ಮುಗಿಸಿ. ಲಿನನ್ ದಾರ ಕತ್ತರಿಸಿ, ತುದಿಯನ್ನು ಕುಣಿಕೆಯೊಳಗೆ ತೂರಿಸಿ, ನೈಲಾನಿನ ಎರಡು ತುದಿಗಳನ್ನು ಹಿಂದಕ್ಕೆ ಎಳೆಯಿರಿ. ದಾರದ ತುದಿ ಸುತ್ತುಗಳ ಅಡಿಗೆ ನುಗ್ಗಿ ಹಿಂದಿನಿಂದ ಹೊರಬರುತ್ತದೆ. ಬ್ಲೇಡಿನಿಂದ ಬುಡಕ್ಕೆ ಕತ್ತರಿಸಿದರಾಯಿತು. ಅಪ್ಪ ಹಾಕಿ ಸ್ಟಿಕ್ಕಿಗೆ ದಾರ ಕಟ್ಟುತ್ತಿದ್ದಾಗ ನೋಡಿ ಕಲಿತ ಕುಣಿಕೆ ಇದು.

ಪೂರ್ತಿ ಒಣಗಿದ ಮೇಲೆ ಮೇಲ್ಮೈಗೆ ತೀರಾ ನೀರಾದ ಅಂಟು ಸವರಿ, ನಯವಾದ ಗಾಜಿನ ಬಾಟಲಿಯಿಂದ ಒತ್ತಿ ಉಜ್ಜಿ. ಎದ್ದ ನಾರುಗಳೆಲ್ಲ ಮಲಗುತ್ತವೆ. ಮರುದಿನ ಬಣ್ಣವಿಲ್ಲದ ಫರ್ನಿಚರ್ ವ್ಯಾಕ್ಸ್ ಒಂದು ಚೂರು. ಟೇಬಲ್ ಪಕ್ಕ ಕೈ ಒರೆಸಲು ಒಂದು ಟವೆಲನ್ನೂ ನೇತುಹಾಕಿದ್ದೇನೆ. "ಆಂಟಿ, ಇದರಲ್ಲಿ ಶೂ ಒರೆಸಬಹುದಾ?" ಎಂದು ಹೋದ ವಾರ ಬಂದ ಬೆಂಗಳೂರಿನ ಹುಡುಗ ಕೇಳಿದ.