23 ವೀರಗಲ್ಲು, ಒಂದು ವೈವಾ

ಫೆಬ್ರವರಿ ಕೊನೆಯ ವಾರ. ಊರಿಗೆ ಬಂದಿದ್ದೆ. ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಮೊಬೈಲ್‌ನಲ್ಲಿ ಒಂದು ವೀರಗಲ್ಲಿನ ಫೋಟೊ ತೋರಿಸುತ್ತಿದ್ದೆ. ಅಡಿಕೆ ತೋಟದ ಬದಿಯಲ್ಲಿ ನಿಂತಿರುವ ಕಲ್ಲು. ಮೇಲೆ ಶಿವಲಿಂಗ, ಎರಡು ಪಕ್ಕ ಸೂರ್ಯ ಚಂದ್ರ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು. ಕೆಳಗೆ ಕತ್ತಿ ಹಿಡಿದವರ ಕಾದಾಟ. "ಇದು ಯುದ್ಧದಲ್ಲಿ ಸತ್ತವನ ಕಲ್ಲು ಅಪ್ಪ" ಅಂದೆ. ಅಪ್ಪ ಫೋಟೊ ನೋಡಿ, "ಅಲ್ಲ ಮಗಳೇ, ಕಲ್ಲು ಮಣ್ಣಲ್ಲಿ ಹೂತಿದ್ಯಲ್ಲ. ಅದರ ಕೆಳಗೆ ಏನಿದೆ ಅಂತ ನಿಂಗೆ ಹೆಂಗೆ ಗೊತ್ತಾತು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಬೆಳಿಗ್ಗೆ ತೋಟದವರನ್ನು ಕೇಳಿಕೊಂಡು ಹೋದೆ. ಅವರ ಒಪ್ಪಿಗೆ ಪಡೆದು, ಬುಡದಲ್ಲಿದ್ದ ತರಗೆಲೆ, ಮಳೆಯಲ್ಲಿ ಹರಿದು ಬಂದ ಮಣ್ಣು ಇಷ್ಟನ್ನು ಮಾತ್ರ ಕೈಯಲ್ಲಿ ಸರಿಸಿದೆ. ಕಬ್ಬಿಣ ತಾಗಿಸಲಿಲ್ಲ, ಕಲ್ಲನ್ನು ಅಲುಗಿಸಲಿಲ್ಲ. ಒಂದು ಗೇಣು ಇಳಿಯುವಷ್ಟರಲ್ಲಿ ಕೊಂಬು ಕಂಡಿತು. ಆಮೇಲೆ ಬೆನ್ನು, ಬಾಲ. ಸಾಲಾಗಿ ನಾಲ್ಕು ದನ. ಅದು ತುರುಗೋಳಿನ ಕಲ್ಲು. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನದು. ಆ ಕಲ್ಲಿನಲ್ಲಿ ಅಕ್ಷರ ಇಲ್ಲ, ಹಾಗಾಗಿ ಶಿಲ್ಪ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ನನ್ನ ಕಿರುಪ್ರಬಂಧದ ಕರಡಿನಲ್ಲಿ ಒಂದು ಇಡೀ ಪುಟ ತಪ್ಪಾಗಿತ್ತು.

ಎಂ.ಎ. ಕನ್ನಡದ ಕೊನೆಯ ಸೆಮಿಸ್ಟರ್ ಅದು. ನಾಲ್ಕು ಪೇಪರ್, ಜೊತೆಗೆ ಒಂದು ಕಿರುಪ್ರಬಂಧ. ನನ್ನ ವಿಷಯ ಸೊರಬ ತಾಲ್ಲೂಕಿನ ವೀರಗಲ್ಲುಗಳು. ಅವತ್ತಿನಿಂದ ಪರೀಕ್ಷೆಗೂ ವೈವಾಗೂ (ಪ್ರಬಂಧದ ಮೇಲಿನ ಮೌಖಿಕ ಪರೀಕ್ಷೆಗೂ) ನಾನು ಮಾಡಿಕೊಂಡ ತಯಾರಿಯೆಲ್ಲ ಅಪ್ಪನ ಆ ಒಂದು ಪ್ರಶ್ನೆಯ ಸುತ್ತಲೇ ನಡೆಯಿತು.

ಮೊದಲು ಮಾಡಿದ ಕೆಲಸ ಇದು. ಕರಡಿನ ಒಂದು ಪ್ರತಿ ತೆಗೆಸಿ, ಪೆನ್ಸಿಲ್ ಹಿಡಿದು ಕೂತೆ. ಪ್ರತಿ ವಾಕ್ಯದ ಪಕ್ಕದಲ್ಲಿ ಒಂದು ಅಕ್ಷರ ಬರೆದೆ. ನಾನೇ ಕಣ್ಣಾರೆ ಕಂಡದ್ದಾದರೆ 'ಕ'. ಪುಸ್ತಕದಿಂದ ಬಂದದ್ದಾದರೆ 'ಪು'. ಊರಿನವರು ಹೇಳಿದ್ದಾದರೆ 'ಹೇ'. ನನ್ನ ಊಹೆಯಾದರೆ 'ಊ'. 68 ಪುಟಕ್ಕೆ ಮೂರು ದಿನ ಹಿಡಿಯಿತು. ಶುರು ಮಾಡುವಾಗ ಎಲ್ಲೋ ಒಂದೆರಡು 'ಊ' ಇರಬಹುದು ಅಂದುಕೊಂಡಿದ್ದೆ. ಎಣಿಸಿದಾಗ 31 ಇದ್ದವು. ಕೆಲವಕ್ಕೆ ಮತ್ತೆ ಹೋಗಿ ನೋಡಿ ಬಂದೆ. ಕೆಲವನ್ನು 'ಇರಬಹುದು' ಅಂತ ತಿದ್ದಿದೆ. ಉಳಿದದ್ದನ್ನು ಹೊಡೆದು ಹಾಕಿದೆ. ಎಂಟು ಪುಟ ಕಡಿಮೆಯಾಯಿತು. ಗೈಡ್ ಮೇಡಂ ನೋಡಿ, "ಈಗ ಇದು ನಿನ್ನ ಪ್ರಬಂಧ" ಅಂದರು. ಆ ಮಾತು ನನಗೆ ತುಂಬ ದೊಡ್ಡದು.

'ಪು' ಅಂತ ಬರೆದ ಕಡೆಯೂ ಸುಮ್ನೆ ಬಿಡಲಿಲ್ಲ. ಸೊರಬದ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿವೆ, 1904ರಲ್ಲಿ ಬಂದದ್ದು. ಅದರಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ನಂಬರು. ಬೇರೆಯವರ ಪುಸ್ತಕದಿಂದ ಆ ನಂಬರನ್ನು ಎತ್ತಿಕೊಳ್ಳುವುದು ಸುಲಭ. ಆದರೆ ಒಂದು ಕಡೆ ಅಚ್ಚಿನ ತಪ್ಪಾಗಿದ್ದರೆ ಅದೇ ತಪ್ಪು ಎಲ್ಲ ಕಡೆ ಹೋಗುತ್ತದೆ. ನಾನು ಎರಡು ದಿನ ಗ್ರಂಥಾಲಯದಲ್ಲಿ ಕೂತು ಮೂಲ ಸಂಪುಟ ತೆಗೆದು ಒಂದೊಂದೇ ತಾಳೆ ನೋಡಿದೆ. ಎರಡು ನಂಬರು ತಪ್ಪಿದ್ದವು.

ಕಲ್ಲು ಓದುವವರಿಗೆ ಒಂದು ಮಾತು. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಹಿಟ್ಟು ತಿಕ್ಕಬೇಡಿ, ದಯವಿಟ್ಟು. ಬೆಳಿಗ್ಗೆ ಏಳರ ಹೊತ್ತಿಗೆ, ಇಲ್ಲಾಂದ್ರೆ ಸಂಜೆ ಐದರ ಮೇಲೆ ಹೋಗಿ. ಓರೆ ಬಿಸಿಲು ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ನೆರಳಿರುವ ಜಾಗದಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದರೆ ಸಾಕು.

ಇನ್ನು ಟೈಪಿಂಗ್. ಇಲ್ಲಿ ನನಗೆ ಪೂರ್ತಿ ಎರಡು ದಿನ ಹೋಯಿತು. 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದೆ. ಡಿಟಿಪಿ ಅಂಗಡಿಯಲ್ಲಿ ಅದನ್ನು ಯೂನಿಕೋಡ್‌ಗೆ ಬದಲಾಯಿಸಿದಾಗ ಒತ್ತಕ್ಷರಗಳು ಸ್ಥಾನ ಬಿಟ್ಟವು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಯಿತು. ಹಳಗನ್ನಡದ ಱ, ೞ ಇದ್ದ ಕಡೆಯೆಲ್ಲ ಖಾಲಿ ಚೌಕ. ಶಾಸನದ ಪ್ರಬಂಧದಲ್ಲಿ ಆ ಎರಡು ಅಕ್ಷರ ಹೋದರೆ ಇನ್ನೇನು ಉಳಿಯಿತು, ಅಲ್ವಾ? ಕೊನೆಗೆ ಶಾಸನಪಾಠದ ಭಾಗ ಅಷ್ಟನ್ನೂ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, ಪಿಡಿಎಫ್ ಮಾಡಿಕೊಂಡು ಹೋಗಿ ಪ್ರಿಂಟ್ ತೆಗೆಸಿದೆ. ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ಬೈಂಡಿಂಗ್‌ಗೆ ಕೊಡುವ ಮುಂಚೆ ಒಂದು ಪ್ರತಿಯನ್ನು ಬೆರಳಿಟ್ಟು ಓದಿ.

ಪ್ರಬಂಧ ಕೊಟ್ಟ ಮೇಲೆ ಪರೀಕ್ಷೆಗೆ ಐದು ವಾರ ಇತ್ತು. ನನಗೆ ಹೆದರಿಕೆ ಇದ್ದದ್ದು ಕಾವ್ಯಮೀಮಾಂಸೆ ಪೇಪರ್‌ಗೆ. ಹಿರಿಯರ ನೋಟ್ಸ್ ಕೈಯಲ್ಲಿತ್ತು, ಬಾಯಿಪಾಠವೂ ಆಗಿತ್ತು. ಆದರೆ ಭಟ್ಟ ಲೊಲ್ಲಟ, ಶಂಕುಕ, ಭಟ್ಟನಾಯಕ, ಅಭಿನವಗುಪ್ತ, ಈ ನಾಲ್ವರು ಹಳೆಯ ಮೀಮಾಂಸಕರೂ ರಸದ ಬಗ್ಗೆ, ಅಂದರೆ ಕಾವ್ಯ ನಾಟಕ ಸವಿಯುವಾಗ ಆಗುವ ಭಾವಾನುಭವದ ಬಗ್ಗೆ ಹೇಳಿದ್ದು ತಲೆಯಲ್ಲಿ ಕಲಸಿಹೋಗುತ್ತಿತ್ತು. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನ ಗಣಿತದ ಹುಡುಗಿಗೆ ವಿವರಿಸಲು ಕೂತೆ. ಅವಳಿಗೆ ಈ ಹೆಸರುಗಳೇ ಹೊಸದು, ಆದರೆ ಯಕ್ಷಗಾನ ಅಂದರೆ ಪ್ರಾಣ. ಹಾಗಾಗಿ ಆಟದಿಂದಲೇ ಹೇಳಿದೆ.

ರಂಗದ ಮೇಲೆ ಕರ್ಣ ಸಾಯುತ್ತಿದ್ದಾನೆ, ನಿನಗೆ ಗಂಟಲು ಕಟ್ಟುತ್ತದೆ. ಆ ರಸ ಇರುವುದು ಎಲ್ಲಿ? ಮೂಲದಲ್ಲಿ ಕರ್ಣನಲ್ಲೇ, ವೇಷಧಾರಿಯಲ್ಲಿ ಅದು ಇದ್ದ ಹಾಗೆ ಕಾಣುತ್ತದೆ ಅಂದವನು ಲೊಲ್ಲಟ. ಅಲ್ಲ, ವೇಷಧಾರಿಯ ಅನುಕರಣೆ ನೋಡಿ ನೀನು ಊಹಿಸಿಕೊಳ್ಳುತ್ತೀಯ, ಚಿತ್ರದ ಕುದುರೆಯನ್ನು ಕುದುರೆ ಅನ್ನುವ ಹಾಗೆ ಅಂದವನು ಶಂಕುಕ. ಆ ದುಃಖ ಕರ್ಣನದೂ ಅಲ್ಲ, ನಿನ್ನದೂ ಅಲ್ಲ, ಕಾವ್ಯ ಅದನ್ನು ಎಲ್ಲರದಾಗಿ ಮಾಡುತ್ತದೆ, ಆಮೇಲೆ ನೀನು ಸವಿಯುತ್ತೀಯ ಅಂದವನು ಭಟ್ಟನಾಯಕ. ಅದು ನಿನ್ನೊಳಗೆ ಸಂಸ್ಕಾರವಾಗಿ ಮೊದಲೇ ಇದೆ, ಆಟ ಅದನ್ನು ಹೊರಗೆ ತರುತ್ತದೆ ಅಂದವನು ಅಭಿನವಗುಪ್ತ.

ಅವಳು ಕೇಳಿದಳು, "ಹಾಗಾದ್ರೆ ವೇಷಧಾರಿಗೆ ದುಃಖ ಆಗುತ್ತಾ ಇಲ್ವಾ?" ಅದಕ್ಕೆ ಉತ್ತರ ಹುಡುಕಲು ಮತ್ತೆ ಪುಸ್ತಕ ತೆಗೆದೆ. ಪರೀಕ್ಷೆಯಲ್ಲಿ ರಸದ ಪ್ರಶ್ನೆ ಬಂದಾಗ ನೋಟ್ಸ್‌ನ ಒಂದು ಸಾಲೂ ನೆನಪಿಸಿಕೊಳ್ಳಬೇಕಾಗಲಿಲ್ಲ.

ಕೈ ಅಭ್ಯಾಸವೂ ಬೇಕು. ಮೂರು ಗಂಟೆ ಬಿಡದೆ ಬರೆದು ಎಷ್ಟು ಕಾಲ ಆಗಿದೆ ಅಂತ ಒಮ್ಮೆ ಯೋಚಿಸಿ. ನಾನು ನಾಲ್ಕು ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಬರೆದೆ. ಮೊದಲ ವಾರ ಕೊನೆಯ ಪ್ರಶ್ನೆಗೆ ಹತ್ತು ನಿಮಿಷ ಉಳಿಯಿತು. ನಾಲ್ಕನೇ ವಾರ ಅರ್ಧ ಗಂಟೆ.

ವೈವಾ ಇದ್ದದ್ದು ಪರೀಕ್ಷೆ ಮುಗಿದ ಆರನೇ ದಿನ. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪ್ರಬಂಧವನ್ನು ನಿಜಕ್ಕೂ ಓದಿಕೊಂಡು ಬಂದಿದ್ದರು, ಪುಟಗಳ ನಡುವೆ ಚೀಟಿಗಳಿದ್ದವು. "ಎರಡು ನಿಮಿಷದಲ್ಲಿ ಹೇಳಿ, ಇದರಲ್ಲಿ ಹೊಸದೇನು?" ಅಂತ ಶುರು ಮಾಡಿದರು. ಇದನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಎಷ್ಟೋ ಸಲ ಹೇಳಿದ್ದೆ, ಸಲೀಸಾಗಿ ಬಂತು.

ಆಮೇಲೆ ಗಟ್ಟಿ ಪ್ರಶ್ನೆ. "23 ಕಲ್ಲು ನೋಡಿದ್ದೀರಿ. ಅಕ್ಷರ ಇರುವುದು ಒಂಬತ್ತರಲ್ಲಿ. ಉಳಿದ 14ರ ಕಾಲ ಹೇಗೆ ಗೊತ್ತಾಯಿತು?"

ಅಪ್ಪನ ಪ್ರಶ್ನೆಯೇ! ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಉತ್ತರ ಇತ್ತು. "ಎಂಟಕ್ಕೆ ಪಕ್ಕದಲ್ಲೇ ಇರುವ ಕಾಲ ತಿಳಿದ ಕಲ್ಲಿನ ಶೈಲಿ ಹೋಲಿಸಿ ಅಂದಾಜು ಹೇಳಿದ್ದೇನೆ ಸರ್. ಆರಕ್ಕೆ ಹೇಳಿಲ್ಲ. ಹೇಳಲು ಆಧಾರ ಸಿಗಲಿಲ್ಲ."

ಅವರು ತಲೆಯಾಡಿಸಿ, ಆತಕೂರಿನ ಕಲ್ಲಿನ ಬಗ್ಗೆ ಕೇಳಿದರು. ಅದು ನನ್ನ ತಾಲ್ಲೂಕಿನದಲ್ಲ, ಮಂಡ್ಯ ಜಿಲ್ಲೆಯದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹತ್ತನೇ ಶತಮಾನದ ನಡುವಿನದು. ಮಣಲೇರ ಅನ್ನುವ ವೀರ ಕೇಳಿ ಪಡೆದ ಕಾಳಿ ಅನ್ನುವ ನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದು ಅದರಲ್ಲಿದೆ. ಅಷ್ಟು ಹೇಳಿ, ನಾನು ಮ್ಯೂಸಿಯಂಗೆ ಹೋಗಿ ನೋಡಿಲ್ಲ, ಓದಿದ್ದು ಮಾತ್ರ ಅಂತಲೂ ಹೇಳಿದೆ. "ಒಳ್ಳೆಯದು, ಹೋಗಿ ನೋಡಿ" ಅಂದರು.

ಕೊನೆಗೆ ತೋಟದ ಕಲ್ಲಿನ ಎರಡು ಫೋಟೊ ತೆರೆದರು. ಮಣ್ಣು ಸರಿಸುವ ಮೊದಲಿನದು, ಆಮೇಲಿನದು. ಎರಡನ್ನೂ ಅಕ್ಕಪಕ್ಕ ಹಾಕಿ, ಮೊದಲು ಹೇಗೆ ತಪ್ಪು ತಿಳಿದಿದ್ದೆ ಅಂತ ಅಡಿಯಲ್ಲೇ ಬರೆದಿದ್ದೆ. ಅವರು ಕನ್ನಡಕ ತೆಗೆದು ಫೋಟೊ ಹತ್ತಿರ ಹಿಡಿದು ದನಗಳನ್ನು ಎಣಿಸಿದರು. "ನಾಲ್ಕಲ್ಲ, ಐದಿದೆ ನೋಡಿ, ಇಲ್ಲೊಂದು ಕರು" ಅಂದರು. ನಾನು ಎದ್ದು ಹೋಗಿ ನೋಡಿದೆ. ತಾಯಿಯ ಹೊಟ್ಟೆಯ ಕೆಳಗೆ ಪುಟ್ಟದೊಂದು ತಲೆ. ಅಷ್ಟು ಸಲ ನೋಡಿಯೂ ನನಗೆ ಕಂಡಿರಲಿಲ್ಲ.

"ಈ ಊರಿಗೆ ಬಸ್ ಇದೆಯಾ?" ಅಂತ ಕೇಳಿದರು.

"ಸೊರಬದಿಂದ ಇದೆ ಸರ್, ಇಳಿದು ಎರಡು ಕಿಲೋಮೀಟರ್ ನಡೀಬೇಕು. ಮಳೆಗಾಲ ಮುಗಿದ ಮೇಲೆ ಬನ್ನಿ, ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು, ಬಿಸಿಲು ಓರೆ ಬೀಳುತ್ತೆ" ಅಂದೆ. ಅವರು ಊರಿನ ಹೆಸರು ಬರೆದುಕೊಂಡರು.