ಸಭೆ ಕರೆದದ್ದು ನನ್ನನ್ನು, ನನ್ನ ಮನೆಯವರನ್ನಲ್ಲ

ಬ್ಯಾಪ್ಟಿಸ್ಟ್ ಕ್ರೈಸ್ತರ ಸಭೆಗೆ, ಅಂದರೆ ಚರ್ಚಿಗೆ, ಸಾಮಾನ್ಯವಾಗಿ ಪಾಸ್ಟರನ್ನು ಮೇಲಿನಿಂದ ಯಾರೂ ನೇಮಿಸುವುದಿಲ್ಲ. ವರ್ಗಾವಣೆಯ ಆದೇಶವೂ ಬರುವುದಿಲ್ಲ. ಸದಸ್ಯರೇ ಕೂತು, ಪ್ರಾರ್ಥಿಸಿ, ಮತ ಹಾಕಿ ಕರೆಯುತ್ತಾರೆ. ನನ್ನನ್ನೂ ಹಾಗೇ ಕರೆದರು. ಒಪ್ಪಿಕೊಳ್ಳುವ ಮೊದಲು ನಾನೂ ನನ್ನ ಹೆಂಡತಿಯೂ ಡೀಕನ್‌ಗಳ, ಅಂದರೆ ಸಭೆಯ ಕೆಲಸಗಳನ್ನು ನೋಡಿಕೊಳ್ಳುವ ಸದಸ್ಯರ, ಮುಂದೆ ಒಂದು ಮಾತು ಇಟ್ಟೆವು. ಕರೆ ಬಂದಿರುವುದು ನನಗೆ. ಇವಳು ನಿಮ್ಮೆಲ್ಲರ ಹಾಗೇ ಒಬ್ಬ ಸದಸ್ಯೆ. ಸಂಡೇ ಸ್ಕೂಲ್, ಸ್ತ್ರೀಯರ ಕೂಟ, ಹಾಡಿನ ತಂಡ, ಯಾವುದಾದರೂ ಸರಿ, ಮನಸ್ಸಿದ್ದರೆ ಮಾಡುತ್ತಾಳೆ. ಪಾಸ್ಟರ್ ಹೆಂಡತಿ ಅನ್ನುವ ಕಾರಣಕ್ಕೆ ಮಾಡುವುದಿಲ್ಲ.

ಒಬ್ಬ ಹಿರಿಯರಿಗೆ ಇದು ಹಿಡಿಸಲಿಲ್ಲ. ಆದರೂ ಮೊದಲೇ ಹೇಳಿದ್ದರಿಂದ ಮುಂದೆ ಎಷ್ಟೋ ಬೇಸರ ತಪ್ಪಿತು. ಕೊನೆಗೆ ಅವಳು ತಾನಾಗಿ ಆರಿಸಿಕೊಂಡ ಸೇವೆ ಗಂಡನನ್ನು ಕಳೆದುಕೊಂಡ ಹೆಂಗಸರ ಜೊತೆ ಕೂರುವುದು. ಸಭೆಯವರು ಅವಳಿಂದ ನಿರೀಕ್ಷಿಸಿದ ಕೆಲಸಗಳಲ್ಲಿ ಅದು ಇರಲೇ ಇಲ್ಲ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಯೇಸುವನ್ನು ತಾನೇ ನಂಬಿ, ಆ ನಂಬಿಕೆಯನ್ನು ಬಾಯಿಬಿಟ್ಟು ಹೇಳಬಲ್ಲವರನ್ನು ಮಾತ್ರ ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತೇವೆ. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜಾನ್ ಸ್ಮಿತ್ ಮತ್ತು ಅವರ ಜೊತೆಗಾರರು ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಅಂತ ಶುರುಮಾಡಿದಾಗಿನಿಂದ ನಮ್ಮ ಗುರುತೇ ಅದು. ಅವರಲ್ಲಿ ಥಾಮಸ್ ಹೆಲ್ವಿಸ್ ಅನ್ನುವವರು ಇಂಗ್ಲೆಂಡಿಗೆ ಮರಳಿದರು. ಮನುಷ್ಯನ ಧರ್ಮ ಅವನಿಗೂ ದೇವರಿಗೂ ಬಿಟ್ಟದ್ದು, ಅದರಲ್ಲಿ ದೊರೆಗೆ ಅಧಿಕಾರವಿಲ್ಲ ಎಂದು ಒಂದನೇ ಜೇಮ್ಸ್ ದೊರೆಗೇ ಬರೆದು ತಿಳಿಸಿದರು. ಅವರನ್ನು ಲಂಡನ್ನಿನ ನ್ಯೂಗೇಟ್ ಜೈಲಿಗೆ ಹಾಕಿದರು.

ಇದನ್ನು ಓದಿದಾಗಲೆಲ್ಲ ನನಗೆ ನನ್ನ ಮನೆಯೇ ಕಣ್ಣಮುಂದೆ ಬರುತ್ತದೆ. ದೊರೆಗೇ ಇಲ್ಲದ ಹಕ್ಕು ಅಪ್ಪನಿಗೆ ಎಲ್ಲಿಂದ ಬರಬೇಕು?

ಮಗಳು ದೀಕ್ಷಾಸ್ನಾನ ಬೇಕೆಂದು ಮೊದಲು ಹೇಳಿದ್ದು ನನ್ನ ಹತ್ತಿರ ಅಲ್ಲ, ಒಬ್ಬ ಡೀಕನ್ ಹತ್ತಿರ. ಅದು ನನಗೆ ತುಂಬಾ ಸಂತೋಷ ಕೊಟ್ಟಿತು. ಬೇರೆ ಎಲ್ಲರ ಹಾಗೇ ಅವಳೂ ತರಗತಿಗೆ ಬಂದಳು. ಸತ್ಯವೇದದಲ್ಲಿ (ಬೈಬಲ್) ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಓದಿದಳು. ಕ್ರಿಸ್ತನ ಜೊತೆ ಹೂಣಲ್ಪಡುವುದು, ಹೊಸ ಜೀವದಲ್ಲಿ ನಡೆಯುವುದು ಅಂದರೆ ತನ್ನ ಬದುಕಿನಲ್ಲಿ ಏನು ಅಂತ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದಳು. ನಾನು ಅವಳನ್ನು ಕೇಳಿದ್ದೂ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ.

ಮಗ ಇನ್ನೂ ದೀಕ್ಷಾಸ್ನಾನ ತೆಗೆದುಕೊಂಡಿಲ್ಲ. ಯೇಸುವಿನ ಮರಣವನ್ನು ನೆನೆದು ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದ ತಟ್ಟೆ ಬಂದಾಗ ಅವನು ತಾನು ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸುತ್ತಾನೆ. ಕೆಲವರ ಕಣ್ಣು ಅತ್ತಲೇ ಹೋಗುತ್ತದೆ. ಮನೆಯನ್ನು ನಡೆಸಲು ತಿಳಿಯದವನು ಸಭೆಯನ್ನು ಹೇಗೆ ನೋಡಿಕೊಂಡಾನು ಅನ್ನುವ ತಿಮೊಥೆಯನಿಗೆ ಬರೆದ ಪತ್ರದ ಮಾತನ್ನು ಒಬ್ಬರು ನನಗೆ ನೆನಪಿಸಿದರು. ಆ ವಾಕ್ಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಕ್ಕಳನ್ನು ತಿದ್ದಿ ಬೆಳೆಸುವುದು, ಅವರ ಜೊತೆ ಸತ್ಯವೇದ ಓದುವುದು ನನ್ನ ಹೊಣೆ. ಆದರೆ ಹೃದಯ ತಿರುಗಿಸುವುದು ನನ್ನ ಕೈಯಲ್ಲಿಲ್ಲ. 'ಅವನಿಗಾಗಿ ಪ್ರಾರ್ಥಿಸಿ, ಅವನನ್ನು ಕೇಳಿ ಕೇಳಿ ಕಾಡಬೇಡಿ' ಎಂದೆ. ಈಗ ನಾನೂ ಮಗನೂ ಸತ್ಯವೇದದ ಯೋಬನ ಪುಸ್ತಕ ಓದುತ್ತಿದ್ದೇವೆ, ಅವನೇ ಆರಿಸಿದ್ದು. ಅವನ ಪ್ರಶ್ನೆಗಳು ಸುಲಭದವಲ್ಲ.

ಪ್ರಸಂಗದ, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆಯ, ಬಗ್ಗೆಯೂ ಹೇಳಬೇಕು. ನಾನು ಸತ್ಯವೇದದ ಒಂದು ಪುಸ್ತಕ ಹಿಡಿದರೆ ಮೊದಲಿನಿಂದ ಕೊನೆಯವರೆಗೆ ಅದನ್ನೇ ಬೋಧಿಸುತ್ತೇನೆ. 19ನೇ ಶತಮಾನದ ಲಂಡನ್ನಿನ ಹೆಸರಾಂತ ಬ್ಯಾಪ್ಟಿಸ್ಟ್ ಬೋಧಕ ಸ್ಪರ್ಜನ್ ಹಾಗೆ ಮಾಡುತ್ತಿರಲಿಲ್ಲ. ಭಾನುವಾರ ಬೆಳಗಿನ ಪ್ರಸಂಗವನ್ನು ಅವರು ಶನಿವಾರ ಸಂಜೆ ಸಿದ್ಧಮಾಡುತ್ತಿದ್ದರು. ಅವರಿಗೆ ಅದು ಒಗ್ಗಿತ್ತು, ನನಗೆ ಒಗ್ಗುವುದಿಲ್ಲ. ಸಾಲಾಗಿ ಬೋಧಿಸುವುದರಲ್ಲಿ ಒಂದು ಕಾಪಾಡುವ ಗುಣ ಇದೆ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯಕ್ಕೆ ಬಂದಾಗ ವಿವಾಹ ವಿಚ್ಛೇದನದ ಮಾತು ಆಡಲೇಬೇಕು. ಅದೇ ಹೊತ್ತಿನಲ್ಲಿ ಸಭೆಯಲ್ಲಿ ಒಂದು ದಂಪತಿ ಬೇರೆಯಾಗುತ್ತಿರಬಹುದು. 'ಪಾಸ್ಟರ್ ನಮ್ಮನ್ನೇ ಗುರಿಯಿಟ್ಟು ಹೇಳಿದರು' ಅಂತ ಅವರಿಗೆ ಅನ್ನಿಸಬಾರದು ಅಲ್ವಾ? ಹಿಂದಿನ ವಾರ 9ನೇ ಅಧ್ಯಾಯ ಮುಗಿದಿತ್ತು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಭಾನುವಾರಕ್ಕೆ ಮುಂಚೆ ಅವರ ಮನೆಗೆ ಹೋಗಿ, ಈ ಭಾಗ ಬರುತ್ತಿದೆ ಅಂತ ಹೇಳಿ ಬರುತ್ತೇನೆ.

ಅದಕ್ಕೇ ಭೇಟಿಗಳನ್ನು ವಾರದ ಮೊದಲ ಭಾಗದಲ್ಲಿ ಇಟ್ಟುಕೊಳ್ಳುತ್ತೇನೆ, ಓದನ್ನು ಆಮೇಲೆ. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯದೆ ಸಿದ್ಧಪಡಿಸಿದ ಪ್ರಸಂಗ ಸರಿಯಾಗಿದ್ದರೂ ಯಾರನ್ನೂ ಮುಟ್ಟುವುದಿಲ್ಲ. ಆಸ್ಪತ್ರೆಗೆ ಹೋದರೆ ಒಂದು ಚಿಕ್ಕ ಕೀರ್ತನೆ ಓದಿ ಪ್ರಾರ್ಥಿಸುತ್ತೇನೆ. ಆಮೇಲೆ ಸುಮ್ನೆ ಕೂರುತ್ತೇನೆ.

ಜನ ನಂಬಿ ಹೇಳಿಕೊಂಡ ಗುಟ್ಟುಗಳನ್ನು ಹೆಂಡತಿಗೂ ಹೇಳುವುದಿಲ್ಲ. ಇದನ್ನು ಕೇಳಿಕೊಂಡವಳು ಅವಳೇ. ಗೊತ್ತಿಲ್ಲದಿದ್ದರೆ ಎಲ್ಲರನ್ನೂ ಒಂದೇ ಮನಸ್ಸಿನಿಂದ ಮಾತಾಡಿಸಬಹುದು ಅನ್ನುತ್ತಾಳೆ. ಸಭೆಯ ಮೀಟಿಂಗಿನಲ್ಲಿ ನನ್ನ ಮಾತಿಗೆ ವಿರುದ್ಧ ಮತ ಬಿದ್ದ ದಿನ ಆ ಬೇಸರವನ್ನು ಮಕ್ಕಳ ಮುಂದೆ ಆಡುವುದಿಲ್ಲ. ಅಪ್ಪನ ದೂರು ಕೇಳುತ್ತಾ ಬೆಳೆದ ಮಕ್ಕಳಿಗೆ ಸಭೆಯ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಇನ್ನು ಸೋಮವಾರ ನನ್ನ ಬಿಡುವಿನ ದಿನ. ಫೋನು ಡೀಕನ್‌ಗಳಿಗೆ ಹೋಗುತ್ತದೆ. ಸಾವು ಅಥವಾ ಆಸ್ಪತ್ರೆ ಅಂದರೆ ಮಾತ್ರ ನನ್ನನ್ನು ಕರೆಯುತ್ತಾರೆ, ಹಾಗೆ ಕರೆದಾಗ ಮಕ್ಕಳೂ ಬೇಸರ ಮಾಡಿಕೊಳ್ಳುವುದಿಲ್ಲ.