ಸೇವೆಗೆ ಒಪ್ಪಿಸುವ ಮುನ್ನವೇ ಸಿಕ್ಕ ಯುಪಿಎಸ್ ದೋಷ

ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆಂದು 12 ವೋಲ್ಟಿನ 16 ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ್ದ ಹೊಸ ಯುಪಿಎಸ್, ಪೂರ್ಣ ಚಾರ್ಜ್ ಆಗಿದ್ದರೂ, ಲೋಡ್ ಪರೀಕ್ಷೆಯಲ್ಲಿ ನಿಗದಿತ ಅವಧಿಗೆ ಬಹಳ ಮೊದಲೇ ಕೈಕೊಟ್ಟಿತು. ಲೋಡ್ ಇಲ್ಲದಾಗ ಎಲ್ಲ ಬ್ಯಾಟರಿಗಳೂ 12.7 ವೋಲ್ಟಿನ ಆಸುಪಾಸಿನಲ್ಲಿದ್ದುದರಿಂದ ನನ್ನ ಸಂಶಯ ಜೋಡಣೆಯ ಮೇಲೆ ಹೋಯಿತು. ಮತ್ತೆ ಚಾರ್ಜ್ ಮಾಡಿ, ಲೋಡ್ ಹಾಕಿ, ವಿದ್ಯುತ್ ನಿರೋಧಕ ಕೈಗವಸು ತೊಟ್ಟು (192 ವೋಲ್ಟ್ ಡಿಸಿ ಪ್ರಾಣಕ್ಕೇ ಅಪಾಯ), ಪ್ರತಿ ಲಿಂಕಿನ (ಎರಡು ಬ್ಯಾಟರಿಗಳನ್ನು ಬೆಸೆಯುವ ತಂತಿಯ) ಎರಡೂ ತುದಿಗಳ ನಡುವಿನ ವೋಲ್ಟೇಜನ್ನು, ಪ್ರೋಬನ್ನು ಬೋಲ್ಟಿಗಲ್ಲದೆ ಸೀಸದ ಟರ್ಮಿನಲ್ಲಿಗೇ ತಾಗಿಸಿ ಅಳೆದೆ. ಜೋಡಣೆ ಸರಿಯಿದ್ದರೆ ಇದು ತೀರಾ ಕಡಿಮೆ ಇರಬೇಕು; ಉಳಿದೆಡೆ ಕೆಲವೇ ಮಿಲಿವೋಲ್ಟ್ ಇತ್ತು. ಒಂದು ಲಿಂಕಿನಲ್ಲಿ ಮಾತ್ರ ಅದು ಏರುತ್ತಲೇ ಹೋಗಿ ಹಲವು ವೋಲ್ಟ್ ಮುಟ್ಟಿತು. ಕೂಡಲೇ ಲೋಡ್ ನಿಲ್ಲಿಸಿ, ಬ್ಯಾಟರಿ ಬ್ರೇಕರ್ ಆಫ್ ಮಾಡಿ, ಆ ಲಿಂಕನ್ನು ಬಿಚ್ಚಿ ನೋಡಿದರೆ, ಲಗ್ಗಿನ (ಲಿಂಕಿನ ತುದಿಯ ಲೋಹದ ಬಳೆಯ) ಅಡಿಯಲ್ಲಿ ಟರ್ಮಿನಲ್ ಮುಚ್ಚಳದ ಪ್ಲಾಸ್ಟಿಕ್ ಚೂರು ಅರ್ಧ ಕರಗಿ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆದು, ಟರ್ಮಿನಲ್ಲನ್ನು ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ, ಎಲ್ಲ ಬೋಲ್ಟುಗಳನ್ನೂ ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿದೆ. ಮರುಪರೀಕ್ಷೆಯಲ್ಲಿ ಯುಪಿಎಸ್ ಪೂರ್ಣ ಅವಧಿ ನಡೆಯಿತು. ಲಿಂಕುಗಳ ಅಳತೆಯಿಲ್ಲದ ಪರೀಕ್ಷಾ ವರದಿಗೆ ನಾನು ಸಹಿ ಹಾಕುವುದಿಲ್ಲ.